ಕಾಣದ ಕಾಲಂ

ಹೆಸರು ಒಂದೇ ಆದ ಮಾತ್ರಕ್ಕೆ ಆಸಾಮಿಯೂ ಅವನೇ ಎಂದು ಎಲ್ಲಿದೆ? ಆ ಹೆಸರಿನವರು ಊರಲ್ಲಿ ಐವತ್ತು ಜನ ಇದ್ದಾರು. ಅರ್ಜಿಯಲ್ಲಿ ವಯಸ್ಸು ಎಪ್ಪತ್ತೊಂದು. ಅಂದರೆ ಇಪ್ಪತ್ನಾಲ್ಕು ವರ್ಷದ ಹಿಂದೆ ನಲವತ್ತೇಳು. ಕೌಂಟರಿನ ಆಚೆ ಕೂತಿದ್ದವನಿಗೆ ಆಗ ನಲವತ್ತೇಳು ಇತ್ತೇ? ಐದು ವರ್ಷದ ಹುಡುಗನ ಕಣ್ಣಿಗೆ ಕನ್ನಡಕ ಹಾಕಿದವರೆಲ್ಲ ಮುದುಕರೇ. ಅವನಲ್ಲದಿದ್ದರೆ ಯಾರೋ ಪಾಪದ ಮುದುಕನನ್ನು ಸುಮ್ಮನೆ ಗೋಳು ಹೊಯ್ದುಕೊಂಡ ಹಾಗಾಗುತ್ತದೆ. ಅವನೇ ಆಗಿದ್ದರೆ?

ಅವನು ಕಂಪ್ಯೂಟರ್ ಪರದೆಯ ಮೇಲಿದ್ದ ಆ ಅರ್ಜಿಯನ್ನು ಕೆಳಕ್ಕೆ ಸರಿಸಿದ. 'ಪೋಷಕರ ಉದ್ಯೋಗ' ಎಂಬ ಪೆಟ್ಟಿಗೆಯಲ್ಲಿ ಬರೆದಿತ್ತು: ನಿವೃತ್ತ ಗುಮಾಸ್ತ, ಶಾಲಾ ಪ್ರವೇಶ ಕಚೇರಿ, ಮೂರನೇ ಕೌಂಟರ್.

ಕೌಂಟರಿನ ನಂಬರನ್ನು ಅರ್ಜಿ ಕೇಳಿರಲಿಲ್ಲ. ಅರ್ಜಿದಾರ ತಾನಾಗಿಯೇ ಬರೆದುಕೊಂಡಿದ್ದ. ಬೂದಿ ಮುಚ್ಚಿದ ಕೆಂಡಕ್ಕೆ ಯಾರೋ ಊದಿದ ಹಾಗಾಯಿತು. ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡ.

ಮೂರನೇ ಕೌಂಟರಿನ ಗಾಜಿನ ಮುಂದೆ ಒಂದು ಮರದ ಹಲಗೆ ಇತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಗುಮಾಸ್ತನ ಹೆಸರು. ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದವನು ಪಾಠದ ಪುಸ್ತಕದ ಆಚೆ ಓದಿದ ಮೊದಲ ಪದ ಅದೇ. ಅಮ್ಮನ ಸೆರಗು ಹಿಡಿದು ಜೋರಾಗಿ ಓದಿದ್ದ. ಅಮ್ಮನ ಇನ್ನೊಂದು ಕೈಯಲ್ಲಿ ಅಕ್ಕ. ಅಕ್ಕನಿಗೆ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಬಂದಿರಲಿಲ್ಲ. ಕಿವುಡ ಮಕ್ಕಳ ಶಾಲೆ ಊರಿಗೆಲ್ಲ ಒಂದೇ. ಏಳು ತುಂಬುವುದರೊಳಗೆ ಸೇರಿಸಬೇಕು, ಏಳು ದಾಟಿದರೆ ಸೇರಿಸುವಂತಿಲ್ಲ. ಅಕ್ಕನಿಗೆ ಆಗ ಆರೂವರೆ.

ಅಮ್ಮ ಪರದೆ ಹೊಲಿಯುವ ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿಕೊಂಡು ಒಂಬತ್ತು ಸಲ ಆ ಕೌಂಟರಿಗೆ ಬಂದಳು. ಒಂಬತ್ತು ಸಲವೂ ಗುಮಾಸ್ತ ಅರ್ಜಿಯ ಮೇಲೆ ಕಣ್ಣಾಡಿಸಿ, ಎರಡು ಬೆರಳಲ್ಲಿ ಅದನ್ನು ಗಾಜಿನ ಕಿಂಡಿಯಿಂದ ಈಚೆ ತಳ್ಳಿದ.

"ಪೂರ್ತಿ ಇಲ್ಲಮ್ಮ."

"ಯಾವುದು ಇಲ್ಲ ಸ್ವಾಮಿ?"

"ಓದಿ ನೋಡ್ಕೊಳ್ಳಿ. ಮುಂದಿನವರು ಬನ್ನಿ."

ಅಷ್ಟೇ. ಬೈಯಲಿಲ್ಲ, ಏನನ್ನೂ ಕೇಳಿ ಕೈ ಚಾಚಲಿಲ್ಲ. ಕೈ ಚಾಚಿದ್ದರೆ ಅಮ್ಮ ಹೇಗಾದರೂ ಹೊಂದಿಸುತ್ತಿದ್ದಳು. ಯಾವ ಕಾಲಂ ಎಂದು ಮಾತ್ರ ಹೇಳಲಿಲ್ಲ. ಹತ್ತನೆಯ ಸಲ ಹೋಗುವಷ್ಟರಲ್ಲಿ ಅಕ್ಕನಿಗೆ ಏಳು ತುಂಬಿತ್ತು.

ಆ ಅರ್ಜಿ ಈಗಲೂ ಮನೆಯಲ್ಲಿ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಬಾಬಿನ್‌ಗಳ ಕೆಳಗೆ ಮಡಚಿಕೊಂಡಿದೆ. ಅವನು ಅದನ್ನು ಎಷ್ಟು ಸಲ ಓದಿದ್ದಾನೋ ಲೆಕ್ಕವಿಲ್ಲ. ಹದಿನೇಳು ಕಾಲಂ. ಹದಿನಾರು ತುಂಬಿದೆ. ಹನ್ನೊಂದನೆಯದು 'ತಂದೆಯ ಉದ್ಯೋಗ ಮತ್ತು ಕಚೇರಿ'. ಅದು ಖಾಲಿ. ಆದರೆ ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಅನ್ವಯಿಸಿದರೆ ಮಾತ್ರ' ಎಂದು ಅಚ್ಚಾಗಿತ್ತು. ಅಪ್ಪ ಮನೆ ಬಿಟ್ಟು ಹೋಗಿ ಮೂರು ವರ್ಷವಾಗಿತ್ತು. ಅನ್ವಯಿಸದ್ದನ್ನು ತುಂಬುವುದು ಹೇಗೆ? ಹಾಗಾಗಿ ತಪ್ಪು ಅಲ್ಲಿರಲಾರದು. ಮತ್ತೆಲ್ಲಿ? ಅವನಿಗೆ ಇಪ್ಪತ್ತೊಂಬತ್ತಾದರೂ ಗೊತ್ತಾಗಿರಲಿಲ್ಲ.

ಅರ್ಜಿಗಳ ಕಸುಬಿಗೆ ಅವನು ಬಿದ್ದದ್ದೂ ಬಹುಶಃ ಇದರಿಂದಲೇ. ಓದಿದ್ದು ಗಣಿತ, ದುಡಿಯುತ್ತಿದ್ದುದು ಒಂದು ಸಣ್ಣ ಕಂಪನಿಯಲ್ಲಿ. ವೆಬ್‌ಸೈಟಿನಲ್ಲಿ ಜನ ತುಂಬುವ ಅರ್ಜಿಗಳಿಗೆ ನಿಯಮ ಬರೆಯುವುದು ಅವನ ಕೆಲಸ. ಇದು ತುಂಬಲೇಬೇಕು, ಇದು ಬಿಟ್ಟರೂ ನಡೆಯುತ್ತದೆ, ಅದನ್ನು ಆರಿಸಿಕೊಂಡರೆ ಇದು ಕಡ್ಡಾಯ, ಆರಿಸದಿದ್ದರೆ ಇದನ್ನು ಕೇಳಲೇಬೇಡ. ಈ ವರ್ಷ ಶಾಲಾ ಪ್ರವೇಶ ಕಚೇರಿಯ ಅರ್ಜಿ ಅವರ ಕಂಪನಿಯ ಪಾಲಿಗೆ ಬಂದಾಗ, ಆ ಕೆಲಸ ನನಗೆ ಕೊಡಿ ಎಂದು ಬಾಯಿ ಬಿಟ್ಟು ಕೇಳಿ ಪಡೆದಿದ್ದ. ಅವನು ಬಾಯಿ ಬಿಟ್ಟದ್ದೇ ಆಫೀಸಿನಲ್ಲಿ ಎರಡು ದಿನದ ಸುದ್ದಿಯಾಗಿತ್ತು.

ಅರ್ಜಿಯಲ್ಲಿ 'ಮಗುವಿನ ಪೋಷಕರು ಯಾರು?' ಎಂಬ ಪ್ರಶ್ನೆ. ತಂದೆ, ತಾಯಿ, ಅಜ್ಜ ಅಥವಾ ಅಜ್ಜಿ, ಹೀಗೆ ಮೂರು ಆಯ್ಕೆ. ತಂದೆ ಎಂದು ಒತ್ತಿದರೆ ಕೆಳಗೆ ಒಂದು ಪೆಟ್ಟಿಗೆ ತೆರೆದುಕೊಂಡು ತಂದೆಯ ಉದ್ಯೋಗ ಸಂಖ್ಯೆ ಕೇಳುತ್ತದೆ. ತಾಯಿ ಎಂದರೆ ಆ ಪೆಟ್ಟಿಗೆ ಮಾಯವಾಗುತ್ತದೆ. ಈ ತಾಯಿಯ ದಾರಿಯನ್ನು ಅವನು ಎಲ್ಲಕ್ಕಿಂತ ಮೊದಲು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದಿದ್ದ. ಒಂದೇ ಒಂದು ಕಾಲಂ ಬಿಟ್ಟರೂ ಯಾವುದು ಬಿಟ್ಟಿದೆ ಎಂದು ಕೆಂಪು ಅಕ್ಷರದಲ್ಲಿ, ಅದೇ ಕಾಲಮಿನ ಪಕ್ಕದಲ್ಲಿ, ಮರ್ಯಾದೆಯಿಂದ ಹೇಳುವ ಹಾಗೆ.

ಅಜ್ಜ ಅಜ್ಜಿಯ ದಾರಿ ಕೊನೆಯದು. ಅದನ್ನು ಬರೆಯುವ ಹೊತ್ತಿಗೆ ಗಡುವು ಕುತ್ತಿಗೆಗೆ ಬಂದಿತ್ತು. ಅಲ್ಲಿ ಅವನು ಪೆಟ್ಟಿಗೆಯನ್ನೇನೋ ಮರೆಮಾಡಿದ, ಆದರೆ 'ತುಂಬಲೇಬೇಕು' ಎಂಬ ನಿಯಮವನ್ನು ಅದರಿಂದ ಬಿಚ್ಚುವುದನ್ನು ಮರೆತ. ಹಾಗಾಗಿ ಅಜ್ಜನೋ ಅಜ್ಜಿಯೋ ಎಲ್ಲ ತುಂಬಿ 'ಸಲ್ಲಿಸಿ' ಒತ್ತಿದರೆ, ಕಣ್ಣಿಗೆ ಕಾಣದ ಆ ಪೆಟ್ಟಿಗೆ ಒಳಗೇ ಕೂತು ಅಡ್ಡ ಹಾಕುತ್ತಿತ್ತು. ಕೆಂಪು ಅಕ್ಷರ ಬರೆಯಲು ಪಕ್ಕದಲ್ಲಿ ಜಾಗವೇ ಇಲ್ಲ. ಪುಟದ ನೆತ್ತಿಯಲ್ಲಿ ಒಂದು ಸಾಲು ಮಾತ್ರ ಮೂಡುತ್ತಿತ್ತು: ಅರ್ಜಿ ಪೂರ್ತಿ ಇಲ್ಲ.

ಆ ಸಾಲನ್ನೂ ಅವನೇ ಬರೆದದ್ದು. ಬರೆಯುವಾಗ ಅದು ಯಾರ ಮಾತೆಂದು ಹೊಳೆದಿರಲಿಲ್ಲ.

ತಪ್ಪು ಅವನ ಕಣ್ಣಿಗೆ ಬಿದ್ದದ್ದು ಆ ಸೋಮವಾರ, ಈ ಅರ್ಜಿಯನ್ನು ತೆರೆದಾಗಲೇ. ಮೂರು ದಿನದಲ್ಲಿ ಹತ್ತೊಂಬತ್ತು ಸಲ 'ಸಲ್ಲಿಸಿ' ಒತ್ತಿದ್ದ ಮುದುಕ. ಆರು ವರ್ಷ ಹನ್ನೊಂದು ತಿಂಗಳ ಮೊಮ್ಮಗಳು. ಶ್ರವಣ ದೋಷ, ಹುಟ್ಟಿನಿಂದ. ಶಾಲೆ, ಅದೇ ಶಾಲೆ. ಗಡುವು ಶುಕ್ರವಾರ ಸಂಜೆ ಐದು. ತಪ್ಪನ್ನು ಸರಿಪಡಿಸಲು ಎರಡು ನಿಮಿಷ ಸಾಕಿತ್ತು. ಅವನ ಕೈ ಕೀಬೋರ್ಡಿನ ಮೇಲೆ ಹೋಗಿ ಹಾಗೇ ನಿಂತಿತು.

"ಏನ್ ಗುಮ್ಮಣ್ಣ, ದೆವ್ವ ಕಂಡ್ಯಾ?"

ಪಕ್ಕದ ಮೇಜಿನ ಜರಡಿ. ಬೇರೆಯವರು ಬರೆದದ್ದನ್ನು ಸೋಸಿ ತಪ್ಪು ಹೆಕ್ಕುವುದು ಅವಳ ಕೆಲಸ, ಅದಕ್ಕೇ ಆ ಹೆಸರು. ಅವನಿಗೆ ಗುಮ್ಮಣ್ಣ ಎಂದು ಹೆಸರಿಟ್ಟವಳೂ ಅವಳೇ.

"ಅಜ್ಜ ಅಜ್ಜಿ ದಾರೀಲಿ ಆರು ಅರ್ಜಿ ಒದ್ದಾಡ್ತಾ ಇವೆ, ನೋಡಿದ್ಯಾ?" ಎಂದಳು. "ನಾನು ಪರೀಕ್ಷೆ ಮಾಡಿದಾಗ ಬೆಣ್ಣೇಲಿ ಕೂದಲು ತೆಗೆದ ಹಾಗೆ ಹೋಯ್ತಲ್ಲ ಪುಣ್ಯಾತ್ಮ."

ಹೋಗದೆ ಏನು? ಅವಳ ಅಭ್ಯಾಸ ಅವನಿಗೆ ಗೊತ್ತಿತ್ತು. ಪ್ರತಿ ಸಲ ಮೊದಲಿನಿಂದ ತುಂಬಲು ಬೇಜಾರಾಗಿ, ಒಮ್ಮೆ ತಂದೆಯ ಅರ್ಜಿಯನ್ನು ಪೂರ್ತಿ ತುಂಬುತ್ತಾಳೆ. ಆಮೇಲೆ ಅದರಲ್ಲೇ ಆಯ್ಕೆಯನ್ನು ತಾಯಿ, ಅಜ್ಜ ಎಂದು ಬದಲಿಸುತ್ತ ಹೋಗುತ್ತಾಳೆ. ಪೆಟ್ಟಿಗೆ ಮರೆಯಾದರೂ ಅದರೊಳಗೆ ಮೊದಲು ಬರೆದದ್ದು ಹಾಗೇ ಉಳಿದಿರುತ್ತದೆ. ಅವಳ ಜರಡಿಯ ಒಂದೇ ತೂತು ಅದು.

"ವಯಸ್ಸಾದವರು. ಏನೋ ಬಿಟ್ಟಿರ್ತಾರೆ. ನಾನು ನೋಡ್ಕೋತೀನಿ."

"ಅಬ್ಬಾ! ಮೂರು ವಾಕ್ಯ! ಒಂದೇ ಉಸಿರಿಗೆ! ಕ್ಯಾಲೆಂಡರಲ್ಲಿ ಗುರುತು ಹಾಕ್ಕೋಬೇಕು."

ಅವನು ನೋಡಿಕೊಂಡ. ಆರರಲ್ಲಿ ಐದು ಮನೆಗೆ ತಾನೇ ಫೋನ್ ಮಾಡಿ, ನಿಮ್ಮ ಅರ್ಜಿ ನಾನೇ ಸರಿಮಾಡಿ ಕಳಿಸುತ್ತೇನೆ, ಚಿಂತೆ ಬೇಡ ಎಂದು ಹೇಳಿದ. ಒಳಗಿನಿಂದ ಹೋಗಿ ಆ ಐದರ ಕಾಣದ ಪೆಟ್ಟಿಗೆಗೆ ಎಂಟು ಸೊನ್ನೆ ತುಂಬಿ ದಾಟಿಸಿದ. ಒಬ್ಬ ಅಜ್ಜಿ ಫೋನಿನಲ್ಲೇ ಅತ್ತು, ನೂರು ವರ್ಷ ಬಾಳಪ್ಪ ಎಂದಳು. ಆರನೆಯದನ್ನು ಮುಟ್ಟಲಿಲ್ಲ.

ಅಂದು ಸಂಜೆ ಮನೆಯಲ್ಲಿ ಅಮ್ಮ ಒಳಗೆ ಮಲಗಿದ್ದಳು. ಅಕ್ಕ ಕಿಟಕಿಯ ಬಳಿ ಕೂತು ಪರದೆಗೆ ಅಂಚು ಹೊಲಿಯುತ್ತಿದ್ದಳು. ಶಾಲೆಯ ಕೈಮಾತು ಅವಳಿಗೆ ಬಾರದು. ಅವರಿಬ್ಬರ ನಡುವೆ ಇರುವುದು ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಇನ್ನೂರು ಚಿಲ್ಲರೆ ಸನ್ನೆಗಳು. ಅದರಲ್ಲಿ ಒಂದು, ಎರಡು ಬೆರಳು ಜೋಡಿಸಿ ಮೇಜಿನ ಮೇಲೆ ಏನನ್ನೋ ತಳ್ಳುವುದು. ಅದು ಆ ಗುಮಾಸ್ತನ ಹೆಸರು. ಕ್ರಮೇಣ ಅಕ್ಕ ಆ ಸನ್ನೆಯನ್ನು ಎಲ್ಲ ಕೆಟ್ಟದ್ದಕ್ಕೂ ಬಳಸಿದಳು. ಹಳಸಿದ ಹಾಲಿಗೆ, ಕಚ್ಚುವ ಚಪ್ಪಲಿಗೆ, ಹೆಣ್ಣು ನೋಡಲು ಬಂದು ಎದ್ದು ಹೋದವನಿಗೆ.

ಅವನು ಅವಳ ಎದುರು ಕೂತು, ಎರಡು ಬೆರಳಲ್ಲಿ ತಳ್ಳಿ ತೋರಿಸಿದ. ಅವಳು ಏನು ಕೆಟ್ಟಿತು ಎಂದು ಸುತ್ತ ನೋಡಿದಳು. ಅವನು ತಲೆಯಾಡಿಸಿ, ಕನ್ನಡಕದ ಸನ್ನೆ ಮಾಡಿ, ಮತ್ತೆ ತಳ್ಳಿದ. ಅವನೇ. ನಿಜವಾದವನು. ಅವನ ಅರ್ಜಿ ನನ್ನ ಮುಷ್ಟಿಯಲ್ಲಿ. ಮುಷ್ಟಿ ಬಿಗಿಹಿಡಿದು ತೋರಿಸಿದ.

ಅಕ್ಕನ ಮುಖ ಬೆಳಗಿದ್ದನ್ನು ಅವನು ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. ಸೂಜಿ ಬಟ್ಟೆಗೆ ಚುಚ್ಚಿಟ್ಟು, ಎರಡು ಬೆರಳಿಂದ ಮೇಜಿನ ಮೇಲಿನ ಕತ್ತರಿಯನ್ನು ತಳ್ಳಿದಳು. ಟೇಪನ್ನು ತಳ್ಳಿದಳು. ದಾರದುಂಡೆಯನ್ನು ತಳ್ಳಿ, ಅದು ಉರುಳಿ ಬಾಗಿಲ ತನಕ ಹೋದಾಗ ಗಂಟಲಿನಿಂದ ಸದ್ದು ಬರುವ ಹಾಗೆ ನಕ್ಕಳು.

ಕೊನೆಯ ಮೂರು ದಿನ ಪ್ರವೇಶ ಕಚೇರಿಯ ನೆಲಮಹಡಿಯಲ್ಲಿ ಸಹಾಯದ ಮೇಜು ಹಾಕುವುದೆಂದು ಮೊದಲೇ ಗೊತ್ತಾಗಿತ್ತು. ಹೋಗಿ ಕೂರಬೇಕಾದವಳು ಜರಡಿ. ನಾನು ಹೋಗುತ್ತೇನೆ ಎಂದ. "ಗುಮ್ಮಣ್ಣ ಜನರ ಹತ್ರ ಮಾತಾಡ್ತಾನಂತೆ! ಸೂರ್ಯ ಯಾವ ಕಡೆ ಹುಟ್ಟಿದ್ನೋ" ಎಂದು ಅವಳು ಕಿಟಕಿಯಾಚೆ ಇಣುಕಿದಳು.

ಕಚೇರಿ ಹಾಗೇ ಇತ್ತು. ಗಾಜಿನ ಕಿಂಡಿಗಳನ್ನು ಹಲಗೆ ಹೊಡೆದು ಮುಚ್ಚಿದ್ದರು, ಆದರೆ ನಂಬರುಗಳನ್ನು ಅಳಿಸಿರಲಿಲ್ಲ. ಅವನ ಮೇಜನ್ನು ನಾಲ್ಕರ ಕೆಳಗೆ ಹಾಕಿದ್ದರು. ಯಾರಿಗೂ ಹೇಳದೆ ಅದನ್ನು ಎರಡು ಮಾರು ಎಳೆದು ಮೂರರ ಕೆಳಗೆ ಇಟ್ಟುಕೊಂಡ.

ಬುಧವಾರ ಹನ್ನೊಂದಕ್ಕೆ ಮುದುಕ ಬಂದ. ಬೆನ್ನು ಬಾಗಿರಲಿಲ್ಲ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಒಂದು ಕೆಂಪು. ಕೈಹಿಡಿದು ಒಂದು ಹುಡುಗಿ, ಬಿಳಿ ಟೋಪಿ, ಮಂಡಿಯಲ್ಲಿ ಒಣಗಿದ ಗಾಯ.

"ಏನಪ್ಪಾ ಕಂಪ್ಯೂಟರ್ ಸ್ವಾಮಿ, ನಿನ್ನ ಈ ಅರ್ಜಿಗೆ ಏನು ರೋಗ? ಎಲ್ಲಾ ತುಂಬಿದೀನಿ. ಪೂರ್ತಿ ಇಲ್ಲ ಅನ್ನುತ್ತೆ."

ಅವನು ಅರ್ಜಿಯನ್ನು ತೆರೆದು ಮೇಲಿನಿಂದ ಕೆಳಗಿನ ತನಕ ಸಾವಕಾಶವಾಗಿ ನೋಡಿದ. ಈ ಗಳಿಗೆಯನ್ನು ಅವನು ಎಷ್ಟು ವರ್ಷ ತಾಲೀಮು ಮಾಡಿದ್ದನೋ.

"ಪೂರ್ತಿ ಇಲ್ಲ."

"ಯಾವುದು ಇಲ್ಲ?"

"ಓದಿ ನೋಡ್ಕೊಳ್ಳಿ. ಮುಂದಿನವರು ಬನ್ನಿ."

ಮುದುಕ ಗುರುತಿಸುತ್ತಾನೆಯೇ ಎಂದು ಕಾದ. ಮುದುಕ ಅವನನ್ನು ನೋಡಲೇ ಇಲ್ಲ, ಪರದೆಯನ್ನೇ ನೋಡುತ್ತಿದ್ದ. ಆಮೇಲೆ ಗೊಣಗುತ್ತ ಹೋಗಿ ಗೋಡೆಯ ಬೆಂಚಿನ ಮೇಲೆ ಕೂತು, ಅರ್ಜಿಯನ್ನೆಲ್ಲ ಒಂದು ಹಾಳೆಯ ಮೇಲೆ ಕೈಯಲ್ಲಿ ನಕಲು ಮಾಡಿಕೊಂಡ, ಒಂದೊಂದು ಕಾಲಮಿಗೂ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತ. ಸಂಜೆಯ ತನಕ ಕೂತಿದ್ದ. ಅಮ್ಮನೂ ಅದೇ ಬೆಂಚಿನ ಮೇಲೆ ಕೂರುತ್ತಿದ್ದಳು. ಅವನಿಗೆ ಮಧ್ಯಾಹ್ನದ ಊಟ ರುಚಿಸಿತು.

ಗುರುವಾರ ಮತ್ತೆ ಬಂದ. ಈ ಸಲ ದನಿ ಇಳಿದಿತ್ತು.

"ನೋಡಪ್ಪಾ, ಮಗಳು ಹೋಗಿ ಎರಡು ವರ್ಷ ಆಯ್ತು. ಅಳಿಯ ಎಲ್ಲಿದಾನೋ ಬದುಕಿದಾನೋ ಗೊತ್ತಿಲ್ಲ. ಇವಳಿಗೆ ಬರೋ ತಿಂಗಳು ಏಳು ತುಂಬುತ್ತೆ. ಈ ಸಲ ತಪ್ಪಿದ್ರೆ ಮುಗೀತು. ನನಗೋ, ಇವತ್ತೋ ನಾಳೆಯೋ. ಯಾವ ಕಾಲಂ ಅಂತ ಒಂದು ಮಾತು ಹೇಳು ಮಗಾ."

'ಮಗಾ' ಎಂಬುದು ಎದೆಯಲ್ಲಿ ಎಲ್ಲೋ ಮುಳ್ಳಿನಂತೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಹುಡುಗಿ ಮೇಜಿನ ಅಂಚಿಗೆ ಗಲ್ಲ ಊರಿ, ಬೆರಳನ್ನು ಕೆನ್ನೆಗೆ ಮುಟ್ಟಿಸಿ, ಗಂಟಲಿನಿಂದ ಕೆಳಕ್ಕೆ ಎಳೆದಳು. ಯೋಚನೆಯೇ ಇಲ್ಲದೆ ಅವನ ಕೈ ಎದ್ದು ಮೂಲೆಯ ನೀರಿನ ನಲ್ಲಿಯನ್ನು ತೋರಿಸಿ, ತಿರುಗಿಸುವ ಸನ್ನೆ ಮಾಡಿತು. ಅವಳು ಓಡಿದಳು.

ಮುದುಕ ಮೊದಲ ಸಲ ಅವನ ಮುಖ ನೋಡಿದ. "ನಿನಗೆ ಕೈಮಾತು ಬರುತ್ತಾ?"

"ಇಲ್ಲ."

"ನೀರು ಬೇಕು ಅಂದಿದ್ದು ತಿಳೀತಲ್ಲ? ನನಗೇ ತಿಳಿಯೋಕೆ ಆರು ತಿಂಗಳು ಬೇಕಾಯ್ತು. ಮನೇಲಿ ಯಾರಾದ್ರೂ…?"

ಅವನು ಪರದೆಯ ಕಡೆ ತಿರುಗಿಕೊಂಡ. ನಲ್ಲಿಯ ಕೆಳಗೆ ಹುಡುಗಿ ಬೊಗಸೆ ಹಿಡಿದು ಕುಡಿಯುತ್ತಿದ್ದಳು. ಅಂಗಿಯ ಮುಂಭಾಗವೆಲ್ಲ ಒದ್ದೆ. ಎರಡು ನಿಮಿಷ. ನಿಯಮವನ್ನು ಬಿಚ್ಚಲು ಎರಡೇ ನಿಮಿಷ. ಮಾಡಿದ್ದು ಮುದುಕ, ಉಣ್ಣುವವಳು ಇವಳು. ಇದು ಯಾವ ನ್ಯಾಯ? ಆದರೆ ಅಂದು ಉಂಡವಳು ಯಾರು? ಅಕ್ಕ ಯಾರಿಗೆ ಏನು ಮಾಡಿದ್ದಳು? ನಾಳೆ ನೋಡೋಣ ಎಂದುಕೊಂಡ. ನಾಳೆ ಮಧ್ಯಾಹ್ನದ ತನಕ ಸುತ್ತಿಸಿ, ಬೆವರಿಳಿಸಿ, ಕೊನೇ ಗಳಿಗೆಯಲ್ಲಿ ದಾಟಿಸಿದರೆ ಸಾಕಲ್ಲವೇ? ಬರೆ ಎಳೆದ ಹಾಗೂ ಆಯಿತು, ಮಗುವಿನ ಶಾಪವೂ ತಟ್ಟಲಿಲ್ಲ.

"ಪೂರ್ತಿ ಇಲ್ಲ. ನಾಳೆ ಬನ್ನಿ" ಎಂದ.

ಅಂದು ಮನೆಗೆ ಹೋದಾಗ ಅಕ್ಕ ಬಾಗಿಲಲ್ಲೇ ಕಾದಿದ್ದಳು. ಎರಡು ಬೆರಳು ಜೋಡಿಸಿ ಹುಬ್ಬು ಹಾರಿಸಿದಳು: ಏನಾಯಿತು? ಇನ್ನೂ ಮುಷ್ಟಿಯಲ್ಲೇ ಇದ್ದಾನೆ ಎಂದು ತೋರಿಸಿದ. ಅವಳು ಅವನ ಮುಷ್ಟಿಯನ್ನು ತನ್ನ ಎರಡೂ ಕೈಗಳಿಂದ ಇನ್ನಷ್ಟು ಬಿಗಿ ಮಾಡಿದಳು.

ಶುಕ್ರವಾರ ಸಾಲು ಬಾಗಿಲ ತನಕ ಇತ್ತು. ಮುದುಕ ಬೆಳಿಗ್ಗೆಯೇ ಬಂದು ಎರಡು ಸಲ ಕೇಳಿ ಎರಡು ಸಲವೂ ವಾಪಸ್ ಹೋಗಿದ್ದ. ನಾಲ್ಕೂವರೆ ಆಯಿತು. ಈಗ ದಾಟಿಸಬೇಕು ಎಂದು ಅವನು ಅರ್ಜಿ ತೆರೆಯುವಷ್ಟರಲ್ಲಿ ಮುದುಕನೇ ಮೇಜಿನ ಬಳಿ ಬಂದು ಪಕ್ಕದ ಕುರ್ಚಿ ಎಳೆದುಕೊಂಡ. ಕೈಯಲ್ಲಿ ಆ ಕೆಂಪು ಗುರುತಿನ ಹಾಳೆ, ಕಣ್ಣಲ್ಲಿ ಏನೋ ಮಿಂಚು.

"ಜರುಗು ಸ್ವಲ್ಪ. ಇಲಿ ಹಿಡಿಯೋಕೆ ನನಗೆ ಕೊಡು" ಎಂದು ಮೌಸನ್ನೇ ಕಸಿದುಕೊಂಡ. ಸಾಲಿನಲ್ಲಿದ್ದವರು ನಕ್ಕರು.

ಮುದುಕ 'ಅಜ್ಜ' ಎಂದಿದ್ದುದನ್ನು 'ತಂದೆ' ಎಂದು ಬದಲಿಸಿದ. ಕೆಳಗೆ ಪೆಟ್ಟಿಗೆ ತೆರೆದುಕೊಂಡಿತು, ತಂದೆಯ ಉದ್ಯೋಗ ಸಂಖ್ಯೆ. ಅದರಲ್ಲಿ ಒಂದು ಅಡ್ಡಗೆರೆ ಒತ್ತಿದ. ಬರೀ ಒಂದು ಗೆರೆ. ಆಮೇಲೆ ಆಯ್ಕೆಯನ್ನು ಮತ್ತೆ 'ಅಜ್ಜ' ಎಂದು ಮಾಡಿದ. ಪೆಟ್ಟಿಗೆ ಮಾಯವಾಯಿತು, ಗೆರೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು. 'ಸಲ್ಲಿಸಿ' ಒತ್ತಿದ.

ಹಸಿರು ಅಕ್ಷರ ಬಂತು. ಅರ್ಜಿ ಸ್ವೀಕರಿಸಲಾಗಿದೆ. ನಾಲ್ಕು ಗಂಟೆ ಮೂವತ್ತೆಂಟು ನಿಮಿಷ.

"ಹೇಗೆ?" ಎಂದು ಮುದುಕ ಸಾಲಿನ ಕಡೆ ತಿರುಗಿದ. ಕಚೇರಿಗೆಲ್ಲ ಕೇಳುವ ದನಿ. "ಚಾಪೆ ಕೆಳಗೆ ತೂರಿದ್ರೆ ರಂಗೋಲಿ ಕೆಳಗೆ ತೂರೋನು ನಾನು. ಮೂವತ್ತೈದು ವರ್ಷ ಇದೇ ಜಾಗದಲ್ಲಿ, ಇದೇ ಮೂರನೇ ನಂಬರಲ್ಲಿ ಕೂತು ಸಾವಿರಾರು ಜನರನ್ನ ವಾಪಸ್ ಕಳಿಸಿದೀನಿ. ನನ್ನನ್ನ ಒಂದು ಪೆಟ್ಟಿಗೆ ವಾಪಸ್ ಕಳಿಸುತ್ತಾ?"

ಸಾಲಿನಲ್ಲಿದ್ದ ಒಬ್ಬ ಲಾರಿ ಚಾಲಕ ಕೇಳಿದ, "ಅದು ಹೇಗೆ ಹೊಳೀತು ಯಜಮಾನ್ರೇ?"

"ಹೊಳೆಯೋದೇನು ಬಂತು! ಅರ್ಜಿ ಹಳೇದೇ, ಅಂಗಿ ಬೇರೆ. ನಮ್ಮ ಕಾಲದಲ್ಲಿ ಹನ್ನೊಂದನೇ ಕಾಲಂ ಅಂತ ಒಂದಿತ್ತು. ತಂದೆ ಉದ್ಯೋಗ. ಅನ್ವಯಿಸಿದರೆ ಮಾತ್ರ ಅಂತ ಅಚ್ಚು ಬೇರೆ ಹಾಕಿರ್ತಿದ್ರು. ತಂದೆ ಇಲ್ಲದವರು ಏನು ಮಾಡ್ತಿದ್ರು? ಖಾಲಿ ಬಿಡ್ತಿದ್ರು. ಖಾಲಿ ಬಿಟ್ರೆ ಪೂರ್ತಿ ಆಯ್ತಾ? ಇಲ್ಲ. ಅನ್ವಯಿಸಲ್ಲ ಅಂದ್ರೆ ಅಡ್ಡಗೆರೆ ಎಳೀಬೇಕು. ಗೆರೆ ಇದ್ರೆ ಪೂರ್ತಿ, ಗೆರೆ ಇಲ್ದಿದ್ರೆ ಅಪೂರ್ಣ. ನಮ್ಮ ಕಚೇರಿ ಪದ್ಧತಿ."

"ಅದನ್ನ ಎಲ್ಲಿ ಬರೆದಿರ್ತಿದ್ರಿ?"

"ಬರೆಯೋದ್ಯಾಕೆ? ತಲೆ ಇದ್ದವರಿಗೆ ತಿಳಿಯುತ್ತೆ."

"ಬಾಯಲ್ಲಿ ಹೇಳಬಹುದಿತ್ತಲ್ಲ?"

"ಹೇಳಿಕೊಡೋಕೆ ಅದೇನು ಶಾಲೆಯಾ?" ಮುದುಕ ನಕ್ಕ. ಹಲ್ಲು ಪೂರ್ತಿ ಇದ್ದವು. "ಒಬ್ಬಳು ಇದ್ದಳಪ್ಪ, ಟೈಲರಮ್ಮ. ಎಂಟೋ ಒಂಬತ್ತೋ ಸಲ ಬಂದಳು. ಬಂದಾಗಲೆಲ್ಲ ಅದೇ ಹಾಳೆ, ಅದೇ ಖಾಲಿ ಕಾಲಂ. ಒಂದು ಗೆರೆ ಎಳೆಯೋಕೆ ಬರಲಿಲ್ಲ ನೋಡು. ದಿನಾ ಬಟ್ಟೆ ಮೇಲೆ ಗೆರೆ ಎಳೆಯೋಳು!"

ಸಾಲು ಮತ್ತೆ ನಕ್ಕಿತು, ಮೊದಲಿನಷ್ಟಲ್ಲದಿದ್ದರೂ.

ಅವನು ಇಪ್ಪತ್ನಾಲ್ಕು ವರ್ಷ ಹುಡುಕಿದ್ದು ಮೇಜಿನ ಮೇಲೆ ಬಂದು ಬಿದ್ದಿತ್ತು. ಒಂದು ಗೆರೆ. ಅಕ್ಕನ ಶಾಲೆ, ಅಕ್ಕನ ಭಾಷೆ, ಬಾಗಿಲ ತನಕ ಉರುಳಿದ ದಾರದುಂಡೆ, ಹೆಣ್ಣು ನೋಡಿ ಎದ್ದು ಹೋದವರು, ಎಲ್ಲ ಒಂದು ಬೆರಳುದ್ದದ ಗೆರೆಯ ಬೆಲೆ. ಅಮ್ಮನ ಕಿವಿಯ ಮೇಲೆ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಂಡೇ ಇರುತ್ತಿತ್ತು. ಗಾಜಿನ ಮುಂದೆ ನಿಂತಾಗಲೂ ಇತ್ತು.

ಮುದುಕ ಎದ್ದು ಬೆಂಚಿಗೆ ಹೋಗಿ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ಸ್ವೀಕೃತಿ ಸಂದೇಶ ಫೋನಿಗೆ ಬರಲಿ ಎಂದು ಕಾಯುತ್ತ ಅವಳ ಟೋಪಿ ಸರಿಮಾಡಿದ.

ಐದಕ್ಕೆ ಇನ್ನು ಹದಿನೆಂಟು ನಿಮಿಷ ಇತ್ತು. ಗಡುವು ಮುಗಿದ ಕ್ಷಣ ವ್ಯವಸ್ಥೆ ತಾನಾಗಿ ಎಲ್ಲ ಅರ್ಜಿಗಳನ್ನೂ ಇನ್ನೊಮ್ಮೆ ನಿಯಮಕ್ಕೆ ಹಚ್ಚಿ ನೋಡುತ್ತದೆ. ತಪ್ಪಿದವು ಅಪೂರ್ಣ ಎಂಬ ಕಟ್ಟಿಗೆ ಹೋಗುತ್ತವೆ. ಅಲ್ಲಿಂದ ಯಾವುದೂ ವಾಪಸ್ ಬರುವುದಿಲ್ಲ. ಕಚೇರಿಯವರು ಕೊಟ್ಟಿದ್ದ ಪಟ್ಟಿಯಲ್ಲಿ, ನಲವತ್ತನೆಯ ಪುಟದಲ್ಲಿ, ಒಂದು ಸಾಲು ಇತ್ತು: ತಂದೆಯ ಉದ್ಯೋಗ ಸಂಖ್ಯೆಯಲ್ಲಿ ಎಂಟು ಅಂಕಿಗಳಿರಬೇಕು, ಅಂಕಿ ಬಿಟ್ಟು ಬೇರೇನೂ ಇರಕೂಡದು. ಆತುರದಲ್ಲಿ ಆ ನಿಯಮ ಹಾಕುವುದು ಉಳಿದುಹೋಗಿತ್ತು. ಹಾಕಿದರೆ ಯಾರೂ ಬೆರಳು ತೋರಿಸುವಂತಿಲ್ಲ. ತಂದೆಯರ ಅರ್ಜಿಗಳಲ್ಲಿ ಸಂಖ್ಯೆ ಸರಿಯಾಗಿಯೇ ಇದೆ ಎಂದು ತಡಕಿ ನೋಡಿದ, ಇತ್ತು. ತಾಯಂದಿರಿಗೆ ಆ ನಿಯಮ ಮುಟ್ಟುವುದೇ ಇಲ್ಲ. ಸೋಮವಾರದ ಆಮೇಲೆ ಅಜ್ಜ ಅಜ್ಜಿಯ ದಾರಿಯಲ್ಲಿ ಹೊಸ ಅರ್ಜಿ ಬಂದಿಲ್ಲ, ಹಳೆಯ ಐದಕ್ಕೆ ಎಂಟು ಸೊನ್ನೆ ಇದೆ.

ಗೆರೆ ಇದ್ದದ್ದು ಒಂದರಲ್ಲಿ ಮಾತ್ರ.

ಫೋನ್ ಅದುರಿತು. ಜರಡಿ.

"ಗುಮ್ಮಣ್ಣ, ಇಷ್ಟೊತ್ತಲ್ಲಿ ನಿಯಮ ಬದಲಾಯಿಸ್ತಾ ಇದೀಯಾ? ಇಲ್ಲಿ ತೋರಿಸ್ತಾ ಇದೆ. ನಾನು ಸೋಸಬೇಕಾ?"

"ಬೇಡ. ಪಟ್ಟಿಯಲ್ಲಿ ಇರೋದೇ. ನಲವತ್ತನೇ ಪುಟ."

ಆ ಕಡೆ ಹಾಳೆ ಮಗುಚುವ ಸದ್ದು. "ಹ್ಞೂ, ಇದೆ. ನೀನು ಬಿಡು, ಇರುವೆ ಸಾಲನ್ನೂ ಎಣಿಸೋನು."

ನಿಯಮ ಉಳಿಸಿದ. ಸಾಲಿನ ಕೊನೆಯ ಮೂವರಿಗೆ ಸಹಾಯ ಮಾಡಿದ, ಒಬ್ಬೊಬ್ಬರಿಗೂ ಯಾವ ಕಾಲಂ, ಏನು ಬರೆಯಬೇಕು ಎಂದು ಬೆರಳಿಟ್ಟು ತೋರಿಸಿ. ಲಾರಿ ಚಾಲಕ ಕೈಮುಗಿದು ಹೋದ.

ಐದು ಹೊಡೆಯಿತು. ಐದು ಗಂಟೆ ಒಂದು ನಿಮಿಷಕ್ಕೆ ಬೆಂಚಿನ ಮೇಲೆ ಮುದುಕನ ಫೋನ್ ಸದ್ದು ಮಾಡಿತು. ಕನ್ನಡಕ ಏರಿಸಿ ಓದಿದ. ಇಳಿಸಿ, ಒರೆಸಿ, ಮತ್ತೆ ಓದಿದ. ಗಲಾಟೆ ಮಾಡಲಿಲ್ಲ. ಐದರ ಮೇಲೆ ಕೌಂಟರಿನ ಗಾಜು ಬಡಿದರೆ ಏನಾಗುತ್ತದೆ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹುಡುಗಿಯನ್ನು ತೊಡೆಯಿಂದ ಇಳಿಸಿ, ಮೆಲ್ಲನೆ ಮೇಜಿನ ಬಳಿ ಬಂದು ನಿಂತ. ಹಲಗೆಯ ಮೇಲಿನ ಮೂರು ಎಂಬ ನಂಬರನ್ನು ನೋಡಿದ. ಅದರ ಕೆಳಗಿದ್ದ ಮೇಜನ್ನು, ನೆಲದ ಮೇಲೆ ಅದನ್ನು ಎಳೆದ ಗೀರನ್ನು ನೋಡಿದ. ಕೊನೆಗೆ ಅವನನ್ನು ನೋಡಿದ, ಒಂದು ಅರ್ಜಿಯನ್ನು ನೋಡುವ ಹಾಗೆ, ಮೇಲಿನಿಂದ ಕೆಳಗಿನ ತನಕ.

"ನೀನು ಯಾರ ಮಗನಪ್ಪಾ?"

ಅವನು ಲ್ಯಾಪ್‌ಟಾಪ್ ಮುಚ್ಚಿದ, ತಂತಿ ಸುತ್ತಿದ, ಚೀಲಕ್ಕೆ ಹಾಕಿದ. ಹುಡುಗಿ ಅಜ್ಜನ ಕೈ ಜಗ್ಗಿ, ಹೋಗೋಣ ಎಂದು ಬಾಗಿಲು ತೋರಿಸಿದಳು. ಅವನು ಅವರಿಗಿಂತ ಮೊದಲು ಬಾಗಿಲು ದಾಟಿದ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಗೆದ್ದ ಹಾಗೆ ಅನ್ನಿಸುತ್ತದೆಯೇ ಎಂದು ತನ್ನೊಳಗೆ ತಡಕಿ ನೋಡಿದ. ಅನ್ನಿಸುತ್ತಿತ್ತು. ಅದೇ ಅವನಿಗೆ ಸ್ವಲ್ಪ ಭಯ ಹುಟ್ಟಿಸಿತು.

ಮನೆಯಲ್ಲಿ ಅಮ್ಮ ತರಕಾರಿ ಹೆಚ್ಚುತ್ತಿದ್ದಳು. ಇವತ್ತು ಬೇಗ ಬಂದೆಯಲ್ಲ ಎಂದಳು. ಅಮ್ಮನಿಗೆ ಗೆರೆಯ ಸುದ್ದಿ ಹೇಳಬೇಕೇ ಎಂದು ಒಂದು ಗಳಿಗೆ ನಿಂತ. ಒಂಬತ್ತು ಸಲ ನಡೆದವಳಿಗೆ ಅದನ್ನು ಹೇಳಿ ಏನು ಮಾಡುವುದು? ಕೈಕಾಲು ತೊಳೆದು ಒಳಗೆ ಹೋದ. ಅಕ್ಕ ಯಂತ್ರ ನಿಲ್ಲಿಸಿ ತಿರುಗಿದಳು. ಹುಬ್ಬು ಹಾರಿಸಿದಳು.

ಅವನು ಎದುರು ಕೂತು, ಬಿಗಿಹಿಡಿದಿದ್ದ ಮುಷ್ಟಿಯನ್ನು ಅವಳ ಮುಂದೆ ಬಿಚ್ಚಿದ. ಬರೀ ಅಂಗೈ. ಆಮೇಲೆ ಎರಡು ಬೆರಳು ಜೋಡಿಸಿ ಮೇಜಿನ ಮೇಲೆ ಮೆಲ್ಲನೆ, ಅಂಚಿನ ತನಕ, ತಳ್ಳಿ ತೋರಿಸಿದ.

ಅಕ್ಕ ಎದ್ದು ನಿಂತು ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಅವಳ ಗಂಟಲಿನಿಂದ ಬರುತ್ತಿದ್ದ ನಗು ಅವನ ನೆತ್ತಿಗೆ ತಾಗುತ್ತಿತ್ತು. ಆಮೇಲೆ ಡ್ರಾಯರು ಎಳೆದು, ಬಾಬಿನ್‌ಗಳ ಕೆಳಗಿನ ಆ ಹಳದಿ ಹಾಳೆಯನ್ನು ತೆಗೆದು, ಕತ್ತರಿಯಿಂದ ಸಣ್ಣಸಣ್ಣ ಚೌಕಗಳಾಗಿ ಕತ್ತರಿಸತೊಡಗಿದಳು. ಗುಂಡಿ ಹೊಲಿಯುವಾಗ ಬಟ್ಟೆಯ ಅಡಿಗೆ ಇಡಲು ಅಂಥ ಚೌಕಗಳು ಬೇಕಾಗುತ್ತಿದ್ದವು.

ಮುದುಕನ ಅರ್ಜಿ ಒಂದು ಕಿವುಡ ಮಗುವಿನದು ಎಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.